ಲೋಕಮಾನ್ಯರ ವಿಚಾರಣೆ

ನ್ಯಾಯಾಧೀಶರೊಡನೆ ಊರಿನ ಕೆಲವು ನಾಗರಿಕರೂ ಕುಳಿತು, ಆರೋಪಿಯು ದೋಷಿಯೋ ನಿರ್ದೋಷಿಯೋ ಎಂಬುದನ್ನು ನಿರ್ಣಯಿಸುವ ಕ್ರಮಕ್ಕೆ ಜ್ಯೂರಿ ಪದ್ಧತಿಯೆಂದು ಹೆಸರು. ಆರೋಪಿಯನ್ನು ಅವನ ಸಮಾನರೇ ವಿಚಾರಿಸಬೇಕೆಂಬುದು ಅದರ ಜೀವಾಳ. ಆಂಗ್ಲರು ತಮ್ಮ ನಾಡಿನಲ್ಲಿ ಹೆಮ್ಮೆಯಿಂದ ಕಾಪಾಡಿಕೊಂಡು ಬಂದ ಈ ತತ್ತ್ವವು ಪರಾಧೀನ ಭಾರತದಲ್ಲಿ ಹೇಗೆ ಸೊರಗಿತೆಂಬುದಕ್ಕೆ ಬಾಲಗಂಗಾಧರ ಟಿಳಕರ ಜೀವನವೇ ಸಾಕ್ಷಿ.

ಟಿಳಕರು 1856ರ ಜುಲೈ 23ರಂದು ರತ್ನಾಗಿರಿಯಲ್ಲಿ ಜನಿಸಿದರು. ಕಾನೂನಿನ ಪದವಿ ಪಡೆದಿದ್ದರೂ ವಕೀಲಿಯ ಸಂಪಾದನೆಗೆ ಮನಸೋಲದೆ ಪುಣೆಯಲ್ಲಿ ಅಧ್ಯಾಪಕರಾದರು. 1881ರಲ್ಲಿ ಗೆಳೆಯರೊಡಗೂಡಿ ‘ಕೇಸರಿ’ ಎಂಬ ಮರಾಠಿ ಪತ್ರಿಕೆಯನ್ನು ಆರಂಭಿಸಿದರು. ಜನರ ದುಃಖವನ್ನು ನಿರ್ಭಯವಾಗಿ ಬರೆದ ಆ ಲೇಖನಿಯು ಸರಕಾರದ ಕಣ್ಣಿಗೆ ಮುಳ್ಳಾಯಿತು.

1897ರಲ್ಲಿ ಅವರ ಮೇಲೆ ರಾಜದ್ರೋಹದ ಆರೋಪ ಬಂದಿತು. ಜ್ಯೂರಿಯಲ್ಲಿ ಆರು ಮಂದಿ ಐರೋಪ್ಯರು, ಮೂವರು ಭಾರತೀಯರು. ನಿರ್ಣಯವೂ ಹಾಗೆಯೇ ಇಬ್ಭಾಗವಾಯಿತು. ಆರು ಮತಗಳ ಬಲದಿಂದ ಟಿಳಕರಿಗೆ ಹದಿನೆಂಟು ತಿಂಗಳ ಸೆರೆವಾಸ ಪ್ರಾಪ್ತವಾಯಿತು.

1908ರಲ್ಲಿ ಅವರನ್ನು ಮತ್ತೆ ಬಂಧಿಸಲಾಯಿತು. ಸರಕಾರವು ವಿಶೇಷ ಜ್ಯೂರಿಯನ್ನು ಕೋರಿತು. ಹಾಗಾದರೆ ಜ್ಯೂರಿಯಲ್ಲಿ ಐರೋಪ್ಯರೇ ತುಂಬಿಕೊಳ್ಳುವರು, ಮರಾಠಿ ಲೇಖನಗಳನ್ನು ಮರಾಠಿ ಬಾರದವರು ಅಳೆಯಬೇಕಾಗುವುದು ಎಂದು ಟಿಳಕರ ಪರ ವಕೀಲರು ಆಕ್ಷೇಪಿಸಿದರು. ಆಕ್ಷೇಪವು ಫಲಿಸಲಿಲ್ಲ. ಏಳು ಮಂದಿ ಐರೋಪ್ಯರೂ ಇಬ್ಬರು ಪಾರಸಿಗಳೂ ಆಸನವೇರಿದರು. ಬರೆದವನ ಭಾಷೆಯನ್ನರಿಯದವರು ಭಾಷಾಂತರವನ್ನು ನಂಬಿ ಅವನ ಮನಸ್ಸನ್ನು ತೂಗಬೇಕಾಯಿತು!

ಟಿಳಕರು ತಾವೇ ತಮ್ಮ ಪರವಾಗಿ ಇಪ್ಪತ್ತೊಂದು ಗಂಟೆಗಳಿಗೂ ಮಿಗಿಲಾಗಿ ವಾದಿಸಿದರು. ಜುಲೈ 22ರ ರಾತ್ರಿ ನಿರ್ಣಯ ಹೊರಬಿದ್ದಿತು. ಏಳು ಮಂದಿ ದೋಷಿಯೆಂದರು, ಇಬ್ಬರು ನಿರ್ದೋಷಿಯೆಂದರು. ಜ್ಯೂರಿಯು ಏನೆಂದರೂ ತಾವು ನಿರ್ದೋಷಿಗಳೆಂದು ಟಿಳಕರು ಶಾಂತರಾಗಿ ನುಡಿದರು. ಆರು ವರ್ಷಗಳ ಗಡೀಪಾರಿನ ಶಿಕ್ಷೆಯಾಯಿತು. ಮರುದಿನವೇ ಅವರಿಗೆ ಐವತ್ತೆರಡು ವರ್ಷ ತುಂಬಿತು. ಮುಂಬಯಿಯ ಗಿರಣಿ ಕಾರ್ಮಿಕರು ಆರು ದಿನ ಕೆಲಸ ನಿಲ್ಲಿಸಿ ಪ್ರತಿಭಟಿಸಿದರು.

ಬರ್ಮಾದ ಮಂಡಾಲೆಯ ಸೆರೆಮನೆಯಲ್ಲಿ ಟಿಳಕರು ಎದೆಗುಂದದೆ ‘ಗೀತಾರಹಸ್ಯ’ವನ್ನು ರಚಿಸಿದರು. ಮುಂದೆ ಆಲೂರು ವೆಂಕಟರಾಯರು ಅದನ್ನು ಕನ್ನಡಕ್ಕೆ ತಂದರು. 1914ರಲ್ಲಿ ಬಿಡುಗಡೆ ಹೊಂದಿದ ಟಿಳಕರು 1916ರಲ್ಲಿ ನಮ್ಮ ಬೆಳಗಾವಿಯಲ್ಲಿಯೇ ಹೋಂ ರೂಲ್ ಸಂಘವನ್ನು ಸ್ಥಾಪಿಸಿದರು. 1920ರ ಆಗಸ್ಟ್ 1ರಂದು ಮುಂಬಯಿಯಲ್ಲಿ ಅವರು ಕೊನೆಯುಸಿರೆಳೆದರು.

1956ರಲ್ಲಿ ಸ್ವತಂತ್ರ ಭಾರತದ ಮುಂಬಯಿ ಉಚ್ಚ ನ್ಯಾಯಾಲಯವು ಟಿಳಕರ ಅಂದಿನ ನುಡಿಯನ್ನು ಶಿಲಾಫಲಕದಲ್ಲಿ ಕೆತ್ತಿಸಿ ಗೌರವಿಸಿತು. 1973ರ ದಂಡಪ್ರಕ್ರಿಯಾ ಸಂಹಿತೆಯಲ್ಲಿ ಜ್ಯೂರಿಗೆ ಸ್ಥಾನವೇ ಉಳಿಯಲಿಲ್ಲ. ತಕ್ಕಡಿಯು ಎಷ್ಟೇ ಚೆನ್ನಾಗಿದ್ದರೂ ತೂಗುವವರನ್ನು ಪಕ್ಷಪಾತದಿಂದ ಆರಿಸಿದರೆ ತೂಕವು ಸರಿಯಾಗದು. ಲೋಕಮಾನ್ಯರ ಬಾಳು ನಮಗೆ ಕಲಿಸುವ ಪಾಠವಿದು.