ಬುದ್ಧದೇವ ಬಸು

ಬಂಗಾಳದ ಹೆಸರಾಂತ ಕವಿ ಬುದ್ಧದೇವ ಬಸು ಅವರು 1908ರ ನವೆಂಬರ್ 30ರಂದು ಇಂದಿನ ಬಾಂಗ್ಲಾದೇಶಕ್ಕೆ ಸೇರಿದ ಕೊಮಿಲ್ಲಾದಲ್ಲಿ ಜನಿಸಿದರು. ಹುಟ್ಟುತ್ತಲೇ ತಾಯಿಯನ್ನು ಕಳೆದುಕೊಂಡ ಶಿಶುವನ್ನು ತಾಯಿಯ ತಂದೆತಾಯಿಗಳು ಅಕ್ಕರೆಯಿಂದ ಸಾಕಿದರು. ಬಾಲ್ಯದಲ್ಲಿಯೇ ಅವರಿಗೆ ಓದಿನ ಹಂಬಲ ಹತ್ತಿತು. ಢಾಕಾ ವಿಶ್ವವಿದ್ಯಾನಿಲಯದ ಇಂಗ್ಲಿಷ್ ಎಂ.ಎ. ಪರೀಕ್ಷೆಯಲ್ಲಿ ಪ್ರಥಮ ದರ್ಜೆಯಲ್ಲಿ ತೇರ್ಗಡೆಯಾದ ಅವರು 1931ರಲ್ಲಿ ಕಲ್ಕತ್ತೆಗೆ ಬಂದು ನೆಲೆಸಿದರು. 1935ರಲ್ಲಿ 'ಕವಿತಾ' ಎಂಬ ಪತ್ರಿಕೆಯನ್ನು ಆರಂಭಿಸಿ, ಹೊಸ ಕವಿಗಳಿಗೆ ಆಸರೆಯಾದರು.

ಆ ಕಾಲದಲ್ಲಿ ನಮ್ಮ ವಿಶ್ವವಿದ್ಯಾನಿಲಯಗಳಲ್ಲಿ ಒಂದೊಂದು ಭಾಷೆಯ ಸಾಹಿತ್ಯಕ್ಕೂ ಒಂದೊಂದು ವಿಭಾಗವಿತ್ತು. ಕಾಳಿದಾಸನನ್ನು ಓದುವವರಿಗೆ ಹೋಮರ್ ದೂರ. ಷೇಕ್ಸ್‌ಪಿಯರನನ್ನು ಓದುವವರಿಗೆ ವ್ಯಾಸರು ದೂರ. ಸಾಹಿತ್ಯವು ಮಾನವಕುಲಕ್ಕೆಲ್ಲ ಸೇರಿದ ಒಂದೇ ಸಂಪತ್ತೆಂಬ ವಿಚಾರವನ್ನು ರವೀಂದ್ರನಾಥ ಠಾಕೂರರು 1907ರಲ್ಲಿಯೇ ಬಂಗಾಳದ ರಾಷ್ಟ್ರೀಯ ಶಿಕ್ಷಣ ಪರಿಷತ್ತಿನ ಆಶ್ರಯದಲ್ಲಿ ನೀಡಿದ ಉಪನ್ಯಾಸದಲ್ಲಿ ಪ್ರತಿಪಾದಿಸಿದ್ದರು. ಆ ಪರಿಷತ್ತೇ ಮುಂದೆ ಜಾದವಪುರ ವಿಶ್ವವಿದ್ಯಾನಿಲಯವಾಗಿ ಬೆಳೆಯಿತು. ಅಲ್ಲಿ 1956ರಲ್ಲಿ ಭಾರತದ ಮೊತ್ತಮೊದಲ ತೌಲನಿಕ ಸಾಹಿತ್ಯ ವಿಭಾಗವನ್ನು ಬುದ್ಧದೇವರು ಸ್ಥಾಪಿಸಿದರು.

ಭಾರತದಲ್ಲಿ ಹಿಂದೆ ಯಾರೂ ನಡೆಯದ ದಾರಿ ಅದು. ವಿದ್ಯಾರ್ಥಿಗಳು ಬೆರಳೆಣಿಕೆಯಷ್ಟು. ಎಂ.ಎ. ತರಗತಿಯಲ್ಲಿ ಅವರು ಭಾರತದ ಮಹಾಕಾವ್ಯಗಳ ಜೊತೆಯಲ್ಲಿ ಗ್ರೀಕ್ ಕಾವ್ಯಗಳನ್ನೂ, ಬಂಗಾಳಿ ಕೃತಿಗಳ ಜೊತೆಯಲ್ಲಿ ಯೂರೋಪಿನ ಕೃತಿಗಳನ್ನೂ ಓದಬೇಕಾಗಿತ್ತು. ಯಾವುದು ಮೇಲು, ಯಾವುದು ಕೀಳು ಎಂದು ನಿರ್ಣಯಿಸುವುದು ಇಂಥ ಅಧ್ಯಯನದ ಗುರಿಯಲ್ಲ. ಒಂದರ ಬೆಳಕಿನಲ್ಲಿ ಮತ್ತೊಂದನ್ನು ಅರಿಯುವುದೇ ಅದರ ಉದ್ದೇಶ. ಪದವಿಗಿಂತ ವಿದ್ವತ್ತು ದೊಡ್ಡದೆಂದು ಬಗೆದ ಬುದ್ಧದೇವರು, ಎಂ.ಎ. ಪದವಿ ಪಡೆಯದಿದ್ದ ಕವಿ ಸುಧೀಂದ್ರನಾಥ ದತ್ತರನ್ನೂ ಬೋಧನೆಗೆ ಆಹ್ವಾನಿಸಿದರು. ಮೊದಲ ವಿದ್ಯಾರ್ಥಿಗಳಲ್ಲಿ ಒಬ್ಬರಾದ ನವನೀತಾ ದೇವ್ ಸೇನ್ ಮುಂದೆ ಪ್ರಸಿದ್ಧ ಲೇಖಕಿಯಾಗಿ, ಅದೇ ವಿಭಾಗದಲ್ಲಿ ಪ್ರಾಧ್ಯಾಪಕಿಯಾದರು.

ಬುದ್ಧದೇವರು ತಾವು ಬೋಧಿಸಿದ್ದನ್ನು ಸ್ವತಃ ಆಚರಿಸಿ ತೋರಿಸಿದರು. ಸಂಸ್ಕೃತದ 'ಮೇಘದೂತ'ವನ್ನೂ, ಫ್ರೆಂಚ್ ಕವಿ ಬೋದಿಲೇರ್ ಹಾಗೂ ಜರ್ಮನ್ ಕವಿ ರಿಲ್ಕೆಯವರ ಕವಿತೆಗಳನ್ನೂ ಬಂಗಾಳಿಗೆ ತಂದರು. 1963ರಲ್ಲಿ ಜಾದವಪುರವನ್ನು ಬಿಟ್ಟರೂ ಅವರ ಲೇಖನಿ ವಿರಮಿಸಲಿಲ್ಲ. ಋಷ್ಯಶೃಂಗನ ಕಥೆಯನ್ನು ಆಧರಿಸಿದ 'ತಪಸ್ವೀ ಓ ತರಂಗಿಣಿ' ನಾಟಕಕ್ಕೆ 1967ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ದೊರೆಯಿತು. 1970ರಲ್ಲಿ ಭಾರತ ಸರ್ಕಾರವು ಪದ್ಮಭೂಷಣ ಪ್ರಶಸ್ತಿ ನೀಡಿ ಗೌರವಿಸಿತು. 'ಮಹಾಭಾರತೇರ್ ಕಥಾ' ಎಂಬ ಕೊನೆಗಾಲದ ಕೃತಿಯಲ್ಲಿ ಅವರು, ಮಹಾಭಾರತದ ನಿಜವಾದ ನಾಯಕ ಅರ್ಜುನನಲ್ಲ, ಯುಧಿಷ್ಠಿರನೆಂದು ವಾದಿಸಿದರು.

1974ರ ಮಾರ್ಚ್ 18ರಂದು ಬುದ್ಧದೇವರು ನಿಧನರಾದರು. ಅವರು ಬೆರಳೆಣಿಕೆಯ ವಿದ್ಯಾರ್ಥಿಗಳೊಡನೆ ನೆಟ್ಟ ಸಸಿ ಇಂದು ಹೆಮ್ಮರವಾಗಿದೆ. ತನ್ನ ಭಾಷೆಯನ್ನು ಪ್ರೀತಿಸುವವನು ಅನ್ಯಭಾಷೆಗಳಿಗೂ ಮನೆಯ ಬಾಗಿಲನ್ನು ತೆರೆದಿಡಬೇಕೆಂಬುದೇ ಅವರ ಬಾಳು ನಮಗೆ ಕಲಿಸುವ ಪಾಠ.