ಮರಳು ನೊಣಗಳ ಸಮೀಕ್ಷಕ ಜಾನ್ ಅಲೆಕ್ಸಾಂಡರ್ ಸಿಂಟನ್ (1884–1956)

ಕಾಲಾ ಅಜಾರ್ ಜ್ವರವು ಒಂದು ಕಾಲದಲ್ಲಿ ಅಸ್ಸಾಂ, ಬಂಗಾಳ ಹಾಗೂ ಬಿಹಾರದ ಅನೇಕ ಗ್ರಾಮಗಳನ್ನು ಬರಿದು ಮಾಡಿತ್ತು. ಗುಲ್ಮವು ಊದಿಕೊಂಡು, ದೇಹವು ಕೃಶವಾಗಿ, ಚಿಕಿತ್ಸೆ ದೊರೆಯದ ರೋಗಿಗಳಲ್ಲಿ ಬಹುತೇಕರು ಮರಣ ಹೊಂದುತ್ತಿದ್ದರು. ರೋಗಾಣುವನ್ನು 1903ರಲ್ಲಿಯೇ ಗುರುತಿಸಲಾಗಿದ್ದರೂ ಅದನ್ನು ಹರಡುವ ಕೀಟ ಯಾವುದೆಂದು ತಿಳಿದಿರಲಿಲ್ಲ. ಹಲವು ವರ್ಷ ತಿಗಣೆಯ ಮೇಲೆಯೇ ಸಂಶಯವಿತ್ತು. ಈ ಸಂಶಯವನ್ನು ಮರಳು ನೊಣದತ್ತ ತಿರುಗಿಸಿದವರಲ್ಲಿ ಸಿಂಟನ್ ಪ್ರಮುಖರು.

ಕೆನಡಾದ ವಿಕ್ಟೋರಿಯಾ ನಗರದಲ್ಲಿ ಜನಿಸಿದ ಸಿಂಟನ್ ಐರ್ಲೆಂಡಿನಲ್ಲಿ ಬೆಳೆದರು. ಬೆಲ್‌ಫಾಸ್ಟ್‌ನಲ್ಲಿ ವೈದ್ಯಶಿಕ್ಷಣ ಮುಗಿಸಿ, 1911ರಲ್ಲಿ ಭಾರತೀಯ ವೈದ್ಯಕೀಯ ಸೇವೆಯನ್ನು ಸೇರಿದರು. 1916ರಲ್ಲಿ ಮೆಸೊಪೊಟೇಮಿಯಾದ ಯುದ್ಧಭೂಮಿಯಲ್ಲಿ ಎರಡೂ ತೋಳುಗಳಿಗೆ ಹಾಗೂ ಪಕ್ಕೆಗೆ ಗುಂಡು ತಗುಲಿದರೂ ಗಾಯಾಳುಗಳ ಆರೈಕೆಯನ್ನು ಬಿಡದ ಕಾರಣ ಅವರಿಗೆ ವಿಕ್ಟೋರಿಯಾ ಕ್ರಾಸ್ ಪದಕ ಸಂದಿತು.

1920ರ ದಶಕದಲ್ಲಿ ಅವರು ಭಾರತದ ಮರಳು ನೊಣಗಳ ಪ್ರಭೇದಗಳನ್ನು ಒಂದೊಂದಾಗಿ ವಿವರಿಸಿ, ಅವುಗಳ ನೆಲೆಗಳನ್ನು ದಾಖಲಿಸಿದರು. ಕಾಲಾ ಅಜಾರ್ ಇರುವ ಪ್ರದೇಶಗಳಿಗೂ ಫ್ಲೆಬೋಟೋಮಸ್ ಅರ್ಜೆಂಟಿಪಿಸ್ ಎಂಬ ಪ್ರಭೇದದ ನೆಲೆಗಳಿಗೂ ಹೊಂದಾಣಿಕೆ ಇರುವುದನ್ನು ಅವರು ತೋರಿಸಿದರು. ಇದು ಸುಳಿವೇ ಹೊರತು ಪುರಾವೆಯಲ್ಲ. 1924ರಲ್ಲಿ ನೋಲ್ಸ್, ನೇಪಿಯರ್ ಹಾಗೂ ಸ್ಮಿತ್ ಅವರು ಈ ನೊಣದ ಕರುಳಿನಲ್ಲಿ ರೋಗಾಣು ವೃದ್ಧಿಯಾಗುವುದನ್ನು ಕಂಡರು. ನೊಣದ ಕಡಿತದಿಂದಲೇ ಮನುಷ್ಯರಿಗೆ ರೋಗ ತಗಲುವುದು 1942ರಲ್ಲಿ ಸ್ವಾಮಿನಾಥ್, ಶಾರ್ಟ್ ಹಾಗೂ ಆಂಡರ್ಸನ್ ಅವರ ಪ್ರಯೋಗದಿಂದ ದೃಢಪಟ್ಟಿತು.

1927ರಲ್ಲಿ ಕಸೌಲಿಯ ಮಲೇರಿಯಾ ಸಮೀಕ್ಷಾ ಸಂಸ್ಥೆಯ ನಿರ್ದೇಶಕರಾದ ಸಿಂಟನ್, 1946ರಲ್ಲಿ ರಾಯಲ್ ಸೊಸೈಟಿಯ ಸದಸ್ಯರಾಗಿ ಆಯ್ಕೆಯಾದರು. ಆ ಸದಸ್ಯತ್ವ ಹಾಗೂ ವಿಕ್ಟೋರಿಯಾ ಕ್ರಾಸ್ ಎರಡನ್ನೂ ಪಡೆದವರು ಅವರೊಬ್ಬರೇ. 1956ರಲ್ಲಿ ಉತ್ತರ ಐರ್ಲೆಂಡಿನಲ್ಲಿ ನಿಧನರಾದರು.

ಅವರು ಹಾಕಿಕೊಟ್ಟ ಮಾರ್ಗ ಇಂದಿಗೂ ಪ್ರಸ್ತುತ. ದನದ ಕೊಟ್ಟಿಗೆ ಹಾಗೂ ವಾಸದ ಕೋಣೆಗಳಲ್ಲಿ ಬೆಳಗಿನ ಜಾವ ಹೀರುನಳಿಗೆಯಿಂದ, ರಾತ್ರಿ ಬೆಳಕಿನ ಬಲೆಯಿಂದ, ಹರಳೆಣ್ಣೆ ಸವರಿದ ಅಂಟುಕಾಗದದಿಂದ ನೊಣಗಳನ್ನು ಹಿಡಿದು, ಸೂಕ್ಷ್ಮದರ್ಶಕದಲ್ಲಿ ಪ್ರಭೇದವನ್ನು ಗುರುತಿಸಲಾಗುತ್ತದೆ. ನೊಣವಿದ್ದ ಮಾತ್ರಕ್ಕೆ ರೋಗವಿದೆ ಎಂದರ್ಥವಲ್ಲ. ಅರ್ಜೆಂಟಿಪಿಸ್ ದಕ್ಷಿಣ ಭಾರತದಲ್ಲಿಯೂ ಇದೆ. ನೊಣಗಳ ಸಂಖ್ಯೆ, ಅವುಗಳಲ್ಲಿ ರೋಗಾಣುವಿನ ಇರುವಿಕೆ ಹಾಗೂ ಊರಿನಲ್ಲಿ ರೋಗಿಗಳ ಇರುವಿಕೆ, ಈ ಮೂರನ್ನೂ ಸೇರಿಸಿ ಅಪಾಯವನ್ನು ಅಂದಾಜು ಮಾಡಬೇಕು.

ಮರಳು ನೊಣದ ಮರಿಹುಳುಗಳು ನೀರಿನಲ್ಲಿ ಬೆಳೆಯುವುದಿಲ್ಲ; ಸಗಣಿ, ಕಸ ಬೆರೆತ ತೇವದ ಮಣ್ಣಿನಲ್ಲಿ ಬೆಳೆಯುತ್ತವೆ. ಆದ್ದರಿಂದ ರೈತ ಬಾಂಧವರು ಕೊಟ್ಟಿಗೆಯ ನೆಲವನ್ನು ಒಣಗಿರುವಂತೆ ನೋಡಿಕೊಂಡು, ಗೋಡೆಯ ಬಿರುಕುಗಳನ್ನು ಮುಚ್ಚಿ, ಸಮೀಕ್ಷೆಗೆ ಬರುವ ಸಿಬ್ಬಂದಿಗೆ ಸಹಕರಿಸಬೇಕು.