ಹಗ್ಗ ಹರಿದರೂ ಬೀಳದ ಲಿಫ್ಟ್: ಎಲಿಶಾ ಓಟಿಸ್



ಎಲಿಶಾ ಓಟಿಸ್ ಅವರು 1811ರ ಆಗಸ್ಟ್ 3ರಂದು ಅಮೆರಿಕ ದೇಶದ ಹ್ಯಾಲಿಫ್ಯಾಕ್ಸ್ ಎಂಬ ಊರಿನಲ್ಲಿ ರೈತರ ಮನೆಯಲ್ಲಿ ಜನಿಸಿದರು. ದೊಡ್ಡವರಾದ ಮೇಲೆ ಗಾಡಿ ಹೊಡೆದರು. ಹಿಟ್ಟಿನ ಗಿರಣಿ ಇಟ್ಟರು, ಲಾಭ ಆಗಲಿಲ್ಲ. ಕೊನೆಗೆ ಮಂಚ ಮಾಡುವ ಕಾರ್ಖಾನೆಯಲ್ಲಿ ಮೆಕ್ಯಾನಿಕ್ ಆದರು.

ಆಗಲೂ ಕಾರ್ಖಾನೆಗಳಲ್ಲಿ ಸಾಮಾನು ಏರಿಸುವ ಲಿಫ್ಟ್ ಇದ್ದವು. ಆದರೆ ಹಗ್ಗ ಹರಿದರೆ ಎಲ್ಲಾ ಕೆಳಗೆ ಬೀಳುತ್ತಿತ್ತು. 1852ರಲ್ಲಿ ಯಾಂಕರ್ಸ್ ಎಂಬ ಊರಿನಲ್ಲಿ ಓಟಿಸ್ ಅವರು ಒಂದು ಉಪಾಯ ಮಾಡಿದರು. ಲಿಫ್ಟಿನ ಮೇಲೆ ಗಾಡಿಯ ಸ್ಪ್ರಿಂಗ್ ಪಟ್ಟಿ ಕೂರಿಸಿ, ಅದಕ್ಕೆ ಹಗ್ಗ ಕಟ್ಟಿದರು. ಎರಡೂ ಕಡೆ ಗರಗಸದ ಹಲ್ಲಿನಂಥ ಕಂಬಿ ನಿಲ್ಲಿಸಿದರು. ಹಗ್ಗ ಬಿಗಿ ಇರುವ ತನಕ ಪಟ್ಟಿ ಬಾಗಿರುತ್ತೆ. ಹಗ್ಗ ಹರಿದ ಕೂಡಲೇ ಅದು ನೆಟ್ಟಗಾಗಿ ಹಲ್ಲಿಗೆ ಸಿಕ್ಕಿಕೊಳ್ಳುತ್ತೆ, ಲಿಫ್ಟ್ ನಿಲ್ಲುತ್ತೆ!

1854ರಲ್ಲಿ ನ್ಯೂಯಾರ್ಕ್ ವಸ್ತುಪ್ರದರ್ಶನದಲ್ಲಿ ಅವರು ತಾವೇ ಲಿಫ್ಟ್ ಹತ್ತಿ ಮೇಲೆ ನಿಂತು, ಜನರ ಎದುರಿಗೇ ಹಗ್ಗ ಕಡಿಸಿದರು. ಲಿಫ್ಟ್ ಸ್ವಲ್ಪ ಜಾರಿ ನಿಂತುಬಿಟ್ಟಿತು. 1857ರಲ್ಲಿ ನ್ಯೂಯಾರ್ಕಿನ 5 ಅಂತಸ್ತಿನ ಅಂಗಡಿಯಲ್ಲಿ ಜನರು ಹತ್ತುವ ಲಿಫ್ಟ್ ಹಾಕಿದರು. 1861ರಲ್ಲಿ ಗಂಟಲುಮಾರಿ ರೋಗದಿಂದ 49ನೇ ವಯಸ್ಸಿನಲ್ಲೇ ತೀರಿಕೊಂಡರು. ಕೆಲಸವನ್ನು ಅವರ ಮಕ್ಕಳು ಮುಂದುವರಿಸಿದರು.

ನಾನು ಇವರ ಬಗ್ಗೆ ಬರೆಯಲು ಕಾರಣ ಇದೆ. ನಮ್ಮ ದೊಡ್ಡಪ್ಪ ದಾವಣಗೆರೆಯ ಒಂದು ಗೋದಾಮಿನಲ್ಲಿ ಹಮಾಲಿ. ಚೀಲ ಹೊತ್ತು ಮೆಟ್ಟಿಲು ಹತ್ತಿ ಅವರಿಗೆ ಮೊಣಕಾಲು ನೋವು. ಈಗ ಅಲ್ಲಿ ಲಿಫ್ಟ್ ಹಾಕಿಸ್ತಾರಂತೆ. ಯಾವ ಥರದ್ದು ಅಂತ ಇನ್ನೂ ತೀರ್ಮಾನ ಆಗಿಲ್ಲ. ನಮ್ಮ ಹರಿಹರದ ಅಜ್ಜ ಹಿಂದೆ ಕಿರ್ಲೋಸ್ಕರ್ ಕಾರ್ಖಾನೆಯಲ್ಲಿ ಲೇತ್ ಕೆಲಸ ಮಾಡಿದವರು. ಅವರು ನನಗೆ ಹೀಗೆ ತಿಳಿಸಿದರು.

ಒಂದು ಎಣ್ಣೆಯ ಲಿಫ್ಟ್. ಟ್ರ್ಯಾಕ್ಟರ್ ಟ್ರೈಲರನ್ನು ಎತ್ತುವ ಜಾಕಿನ ಹಾಗೆ ಎಣ್ಣೆಯ ಒತ್ತಡದಿಂದ ಏರುತ್ತೆ. ಭಾರ ನೆಲದ ಮೇಲೆ ಬೀಳುತ್ತೆ. ಎರಡು ಮೂರು ಅಂತಸ್ತಿಗೆ, ತುಂಬಾ ತೂಕಕ್ಕೆ ಒಳ್ಳೇದು. ಆದರೆ ನಿಧಾನ, ಬಿಡುವಿಲ್ಲದೆ ಓಡಿಸಿದರೆ ಎಣ್ಣೆ ಬಿಸಿಯಾಗುತ್ತೆ. ಇನ್ನೊಂದು ಉಕ್ಕಿನ ಹಗ್ಗದ್ದು. ಬಾವಿಯ ರಾಟೆ ಇದ್ದ ಹಾಗೆ, ಹಗ್ಗದ ಒಂದು ತುದಿಗೆ ಲಿಫ್ಟ್, ಇನ್ನೊಂದು ತುದಿಗೆ ತೂಕದ ಕಲ್ಲು. ಬೇಗ ಹೋಗುತ್ತೆ, ಕರೆಂಟ್ ಕಡಿಮೆ ಸಾಕು. ದಿನವಿಡೀ ಕೆಲಸ ಇದ್ದರೆ ಇದೇ ಸರಿ. ಆದರೆ ಸಾಮಾನ್ಯವಾಗಿ ಇದರ ಭಾರವನ್ನು ಕಟ್ಟಡವೇ ಹೊರಬೇಕು.

ದೊಡ್ಡಪ್ಪನ ಗೋದಾಮಿಗೆ ಎರಡೇ ಅಂತಸ್ತು. ಲಾರಿ ಬಂದಾಗ ಮಾತ್ರ ಕೆಲಸ. ಅದಕ್ಕೆ ಎಣ್ಣೆಯದೇ ಸಾಕು ಅಂತ ನನಗನಿಸುತ್ತೆ. ಆದರೆ ಬೆಲೆ ಕೇಳುವ ಮುಂಚೆ ಇನ್ನೊಂದು ಕೇಳಬೇಕು. ಹಗ್ಗ ಹರಿದರೆ ಹಿಡಿಯೋದು ಯಾವುದು? ಪೈಪ್ ಒಡೆದರೆ ಎಣ್ಣೆ ತಡೆಯುವ ವಾಲ್ವ್ ಇದೆಯಾ? ಇದನ್ನು ದೊಡ್ಡಪ್ಪನಿಗೆ ಚೀಟಿಯಲ್ಲಿ ಬರೆದು ಕಳಿಸಿದ್ದೇನೆ.

– 7ನೇ ತರಗತಿ ವಿದ್ಯಾರ್ಥಿನಿ